ಒಲೆ ಎಣಿಸುವ ಊರು

ಜನಗಣತಿಯ ಚೀಲ ಹೆಗಲಿಗೆ ಹಾಕಿಕೊಂಡು ನಾನು ಮೊದಲು ಹೋದದ್ದು ಊರಿನ ಯಜಮಾನರ ಮನೆಗೆ. ಅವರು ಅಂಗಳದಲ್ಲಿ ಕೂತು ಕಾಳುಮೆಣಸು ಬಿಡಿಸುತ್ತಿದ್ದರು. ಬಂದ ಕಾರಣ ಕೇಳಿ ನಕ್ಕುಬಿಟ್ಟರು.

"ಅದಕ್ಯಾಕೆ ಟೀಚ್ರೇ ಈ ಬಿಸ್ಲಲ್ಲಿ ಮನೆಮನೆ ಅಲೀತೀರ? ಮೂವತ್ತೆಂಟು ಒಲೆ. ಬರ್ಕಳಿ, ಕಾಫಿ ಕುಡ್ದು ಹೋಗಿ."

"ನನಗೆ ಒಲೆ ಬೇಡ ಯಜಮಾನ್ರೇ, ಜನ ಬೇಕು" ಎಂದೆ.

"ಜನ ಇವತ್ತು ಇರ್ತಾರೆ, ನಾಳೆ ಸಕಲೇಶಪುರದ ಸಂತೇಲಿರ್ತಾರೆ. ಒಲೆ ಎಲ್ಲಿಗೋಗ್ತೈತೆ ಹೇಳಿ?"

ಆ ಊರಿನ ಶಾಲೆಗೆ ಬಂದು ಮೂರು ವರ್ಷವಾಗಿದ್ದ ನನಗೆ ಈ ಲೆಕ್ಕ ಹೊಸದಲ್ಲ. ಅಲ್ಲಿ ಊರೆಂದರೆ ಒಲೆಗಳು. ಊರ ಕೆಲಸಕ್ಕೆ ಒಲೆಗೊಂದು ಆಳು, ದೇವರ ಊಟಕ್ಕೆ ಒಲೆಗೊಂದು ಸೇರು ಅಕ್ಕಿ, ಊರು ಸೇರಿದಾಗ ಒಲೆಗೊಂದು ಮಾತು. ಒಲೆ ಇಲ್ಲದವನು ಎಷ್ಟೇ ಜೋರಾಗಿ ಮಾತಾಡಿದರೂ ಅದು ಕೆಮ್ಮಿದ್ದಕ್ಕೆ ಸಮ. ನಾನು ಕೆಮ್ಮುವವರ ಗುಂಪಿಗೆ ಸೇರಿದ್ದೆ. ಬಾಡಿಗೆ ಕೋಣೆಯಲ್ಲಿ ಸೀಮೆಣ್ಣೆ ಸ್ಟೌ ಇಟ್ಟುಕೊಂಡು ಅನ್ನ ಬೇಯಿಸಿಕೊಳ್ಳುತ್ತಿದ್ದ ನನ್ನನ್ನು ಎಣಿಸಬೇಕೋ ಬೇಡವೋ ಎಂದು ಊರು ಒಮ್ಮೆ ಕೂತು ಯೋಚನೆ ಮಾಡಿತ್ತಂತೆ. "ಬೂದಿ ಬೀಳದ್ದು ಒಲೆ ಹೆಂಗಾಗ್ತೈತೆ?" ಎಂದು ಯಜಮಾನರು ಕೇಳಿದ ಮೇಲೆ ಯಾರೂ ಎದುರಾಡಲಿಲ್ಲವಂತೆ.

ನಾನು ಆಲೂರು ತಾಲ್ಲೂಕಿನ ಕುಂದೂರು ಕಡೆಯವಳು. ನಮ್ಮ ಕಡೆ ಹೊಲ ಮಟ್ಟಸ, ಮಾತು ನೇರ, ಮುದ್ದೆ ದೊಡ್ಡದು. ಈ ಗುಡ್ಡದ ಜನ ಒಂದು ಮಾತು ಹೇಳಬೇಕಾದರೆ ಮೊದಲು ಎಲೆಅಡಿಕೆ ಹಾಕಿಕೊಳ್ಳಬೇಕು, ಆಮೇಲೆ ದನದ ಸುದ್ದಿ, ಆಮೇಲೆ ಮೆಣಸಿನ ರೇಟು, ಕೊನೆಗೆ ಎದ್ದು ಚಪ್ಪಲಿ ಮೆಟ್ಟುವಾಗ ಬಂದ ವಿಷಯ. ಮೊದಲ ವರ್ಷ ಇವರ ಜೊತೆ ಹೇಗಪ್ಪಾ ಬಾಳುವುದು ಎಂದು ಹಲ್ಲು ಕಡಿದದ್ದುಂಟು. ಎರಡನೇ ವರ್ಷ ನಾನೇ ಎಲೆಅಡಿಕೆ ಹಾಕಲು ಕಲಿತೆ.

ಊರಾದರೂ ಎಂಥದ್ದು! ಯಸಳೂರಿನಿಂದ ಬಸ್ಸಿನಲ್ಲಿ ಮೇಲೆ ಹತ್ತಿ, ಬಸ್ಸು ತಿರುಗಿ ನಿಲ್ಲುವ ಹಲಸಿನ ಮರದ ಬುಡದಲ್ಲಿ ಇಳಿದರೆ ಅದೇ ಊರು. ಹೆಸರಿನ ಬೋರ್ಡಿಲ್ಲ. ಹಿಂದೆ ಹಾಕಿದ್ದ ತಗಡಿನ ಬೋರ್ಡನ್ನು ಯಾರೋ ಬಿಚ್ಚಿ ಕೋಳಿಗೂಡಿಗೆ ಬಾಗಿಲು ಮಾಡಿಕೊಂಡಿದ್ದರು. ಯಾರೆಂದು ನಾನು ಹೇಳುವುದಿಲ್ಲ, ಅವರ ಮನೆಯ ಮೊಟ್ಟೆ ತಿಂದಿದ್ದೇನೆ. ಒಂದೊಂದು ಮನೆಗೂ ಎರಡು ಮೂರು ಎಕರೆ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ತಗ್ಗಿನಲ್ಲಿ ಅಂಗೈಯಗಲದ ಗದ್ದೆ. ಅಷ್ಟರಲ್ಲೇ ಎಲ್ಲರೂ ಹೊಟ್ಟೆ ಹೊರೆಯುತ್ತಿರಲಿಲ್ಲ. ಒಬ್ಬ ಆನೇಮಹಲ್‌ನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ, ಶನಿವಾರ ಕೈಯೆಲ್ಲ ಗ್ರೀಸು ಮಾಡಿಕೊಂಡು ಬರುತ್ತಿದ್ದ. ಒಬ್ಬಳು ಸಕಲೇಶಪುರದಲ್ಲಿ ನರ್ಸು. ಅವಳು ಬಸ್ಸಿಳಿದರೆ ಸಾಕು, ಊರಿನ ನೋವುಗಳೆಲ್ಲ ಒಟ್ಟಿಗೇ ಎದ್ದು ಹಲಸಿನ ಮರದ ಕೆಳಗೆ ನಿಲ್ಲುತ್ತಿದ್ದವು. ಮಿಲಿಟರಿಯಿಂದ ರಿಟೈರ್ ಆಗಿ ಬಂದವರೊಬ್ಬರು ಬೆಳಗಾಗುತ್ತಲೇ ರೇಡಿಯೋ ಹಚ್ಚಿ ನಮ್ಮೆಲ್ಲರನ್ನೂ ಎಬ್ಬಿಸುತ್ತಿದ್ದರು, ನಾವು ಯಾವ ಯುದ್ಧಕ್ಕೆ ಹೊರಡಬೇಕಿತ್ತೋ ತಿಳಿಯದು.

ಮೇಲ್ಗಡೆ ದೊಡ್ಡ ಎಸ್ಟೇಟು. ಅದರ ಕೂಲಿಯವರ ಲೈನ್ ಮನೆಗಳಲ್ಲಿ ತಮಿಳಿನವರು, ತುಳುವಿನವರು. ಅವರ ಒಲೆಗಳು ಊರ ಲೆಕ್ಕಕ್ಕೆ ಬರುತ್ತಿರಲಿಲ್ಲ, ಅವು ಎಸ್ಟೇಟಿನ ಲೆಕ್ಕ. ಆದರೆ ಊರ ಊಟದ ದಿನ ಅವರಿಗೂ ಎಲೆ ಬೀಳುತ್ತಿತ್ತು. ಒಬ್ಬರ ಭಾಷೆ ಒಬ್ಬರಿಗೆ ಪೂರ್ತಿ ಬರದಿದ್ದರೂ ಬೈಯುವಷ್ಟು ಮಾತ್ರ ಎಲ್ಲರೂ ಎಲ್ಲರದ್ದನ್ನೂ ಕಲಿತಿದ್ದರು. ನನ್ನ ಶಾಲೆಯ ಮಕ್ಕಳು ಈ ವಿಷಯದಲ್ಲಿ ಪಂಡಿತರು.

ಇಂಥ ಊರಿನಲ್ಲಿ ಜನ ಎಣಿಸುವುದು ಏನು ಮಹಾ ಎಂದುಕೊಂಡು ಹೊರಟವಳು ನಾನು. ತರಬೇತಿಯಲ್ಲಿ ನಮಗೆ ಮತ್ತೆ ಮತ್ತೆ ಹೇಳಿಕೊಟ್ಟದ್ದು ಒಂದೇ ಮಾತು. ಒಂದು ಸೂರಿನಡಿ ಮಲಗಿದರೆ ಸಾಲದು, ಒಂದೇ ಅಡುಗೆ ಉಣ್ಣುವವರು ಒಂದು ಕುಟುಂಬ. ಅಡುಗೆ ಬೇರೆಯಾದರೆ ಕುಟುಂಬ ಬೇರೆ. ಅಂದರೆ ಸರ್ಕಾರವೂ ಒಲೆಯನ್ನೇ ಎಣಿಸುತ್ತದೆ ಎಂದಾಯಿತು. ಇದನ್ನು ಯಜಮಾನರಿಗೆ ಹೇಳಿದಾಗ ಅವರಿಗೆ ಸರ್ಕಾರದ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು.

ತೊಡಕು ಶುರುವಾದದ್ದು ಶಾಲೆಯ ಹಿಂದಿನ ಮನೆಯಲ್ಲಿ. ಆ ಮನೆಯವನು ಊರಿಗೇ ಮೆತ್ತನೆಯ ಮನುಷ್ಯ. ದನಕ್ಕೂ ಗದರಿದವನಲ್ಲ. ಅವನ ತಂಗಿಯನ್ನು ಕೊಟ್ಟಿದ್ದು ನಮ್ಮ ಕುಂದೂರು ಕಡೆಗೇ. ಗಂಡ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಅತ್ತೆಮನೆಯವರು ಅವಳನ್ನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ತಿಳಿದು ಇವನು ಜೀಪು ಮಾಡಿಕೊಂಡು ಹೋಗಿ ಕರೆತಂದಿದ್ದ. ಅದಾಗಿ ಏಳೆಂಟು ವರ್ಷ. ಅವಳು ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಿಸುವ ಕೆಲಸಕ್ಕೆ ಹೋಗುತ್ತಿದ್ದಳು. ನನಗಿಂತ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ನಮ್ಮ ಕಡೆಯ ಮುದ್ದೆ ನೆನೆದು ಇಬ್ಬರೂ ಬಾಯಲ್ಲಿ ನೀರೂರಿಸಿಕೊಂಡದ್ದು ಎಷ್ಟು ಸಲವೋ.

ಅಣ್ಣ ಜಗಲಿಯಲ್ಲಿ ನನ್ನನ್ನು ಕೂರಿಸಿ ಹೇಳಿದ: "ಬರ್ಕಳಿ ಟೀಚ್ರೇ. ನಾನು, ನಮ್ಮನೆಯವ್ಳು, ಎರಡು ಮಕ್ಳು, ನನ್ ತಂಗಿ."

ಹಿತ್ತಿಲ ಕಡೆಯಿಂದ ಅಕ್ಕ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದಳು. "ನಂದು ಬೇರೆ ಬರ್ಕಳಿ ಟೀಚ್ರೇ."

"ಬೇರೆ ಅಂದ್ರೆ?" ಎಂದ ಅಣ್ಣ.

"ಬೇರೆ ಅಂದ್ರೆ ಬೇರೆ. ಹಿಂದ್ಗಡೆ ಹಳೇ ಕೊಟ್ಟಿಗೇಲಿ ಹೊಗೆ ಬರ್ತಾ ಐತಲ್ಲ, ಅದ್ಯಾರ್ದು ಅನ್ಕಂಡಿದ್ದೀಯ?"

"ನೀರು ಕಾಯ್ಸಕ್ಕೆ ಹಚ್ಚಿದ್ದೀಯ ಅನ್ಕಂಡೆ."

"ಎರಡು ತಿಂಗ್ಳಿಂದ ನೀರೇ ಕುಡ್ಕಂಡಿದ್ದೀನಾ ನಾನು?"

ಕೊಟ್ಟಿಗೆಯನ್ನು ಸಗಣಿಯಲ್ಲಿ ಸಾರಿಸಿ, ಕಾಫಿ ಕುಯ್ಲು ಮುಗಿಯುವ ಹೊತ್ತಿಗೇ ಅವಳು ಅಲ್ಲಿ ಒಲೆ ಹೂಡಿದ್ದು ಊರಿಗೆಲ್ಲ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ. ಹೇಳದಿದ್ದರೆ ಅದು ಇಲ್ಲ ಎಂಬ ಲೆಕ್ಕದಲ್ಲಿ ಆ ಊರಿನ ಅರ್ಧ ಸಂಸಾರಗಳು ನೆಮ್ಮದಿಯಾಗಿದ್ದವು. ನಾನು ಬಂದು ಕೇಳಿಬಿಟ್ಟೆ. ಕೇಳಿದ ಮೇಲೆ ನಿಯಮದಂತೆ ಅವಳನ್ನು ಬೇರೆ ಕುಟುಂಬವೆಂದೇ ಬರೆದುಕೊಂಡೆ. ಅಣ್ಣ ಎದ್ದು ದನದ ಕಡೆ ಹೋದ.

ಸಂಜೆ ನಾನು ಅವಳ ಕೊಟ್ಟಿಗೆಗೆ ಹೋದೆ. ಮೂರು ಕಲ್ಲಿನ ಒಲೆ, ಎರಡು ಪಾತ್ರೆ, ಒಂದು ಈಳಿಗೆಮಣೆ. ಅಚ್ಚುಕಟ್ಟಾಗಿತ್ತು.

"ಅತ್ತಿಗೆ ಏನಾದ್ರೂ ಅಂದ್ರಾ ಅಕ್ಕ?" ಎಂದು ಕೇಳಿದೆ.

"ಅಂದಿದ್ರೆ ಸುಲ್ಭ ಇತ್ತು ಮಾರಾಯ್ತಿ. ಜಗಳ ಆಡ್ಕಂಡು ಬೇರೆ ಆಗ್ಬುಡ್ತಿದ್ದೆ. ಅವ್ಳು ಒಳ್ಳೇಳು. ನನ್ ತಟ್ಟೆಗೇ ಮೊದ್ಲು ಬಡಿಸ್ತಾಳೆ. ಇಷ್ಟು ವರ್ಷದಿಂದ್ಲೂ ಮೊದ್ಲು ನಂಗೇ. ನೆಂಟ್ರಿಗೆ ಬಡಿಸ್ದಂಗೆ. ಸಾರಿಗೆ ಉಪ್ಪು ಕಮ್ಮಿ ಆಗೈತೆ ಅಂತ ಒಂದಿನಾನೂ ನನ್ ಬಾಯಲ್ಲಿ ಬಂದಿಲ್ಲ, ಗೊತ್ತಾ? ಹೆಂಗ್ ಅನ್ನಾದು?" ಒಲೆಗೆ ಪುಳ್ಳೆ ತುರುಕಿದಳು. "ನಂದೂ ಒಂದು ಒಲೆ ಅಂತ ಇರ್ಲಿ ಟೀಚ್ರೇ. ಊರು ಕೂಗ್ದಾಗ ನಾನೂ ಗುದ್ದಲಿ ಹಿಡ್ಕಂಡು ಹೋಗ್ಬೇಕು. ಒಂದು ಮಾತಾಡ್ಬೇಕು. ಸಾಯೋಗಂಟ ಯಾರ್ದೋ ಒಲೆ ಮುಂದೆ ಕೂತ್ಕಂಡು ಚೆನ್ನಾಗೈತೆ, ಚೆನ್ನಾಗೈತೆ ಅನ್ಬೇಕಾ?"

ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಣ್ಣುವವಳಿಗೆ ಆ ಮಾತು ಅರ್ಥವಾಗಲು ವಿವರಣೆ ಬೇಕಿರಲಿಲ್ಲ. ಆದರೆ ಸರ್ಕಾರ ಬರೆದುಕೊಂಡ ಮಾತ್ರಕ್ಕೆ ಊರು ಒಪ್ಪಬೇಕಲ್ಲ! ಮರುದಿನ ಯಜಮಾನರ ಹತ್ತಿರ ಹೋಗಿ, ಎಲೆಅಡಿಕೆ, ದನ, ಮೆಣಸಿನ ರೇಟು ಎಲ್ಲ ಮುಗಿಸಿ, ಚಪ್ಪಲಿ ಮೆಟ್ಟುವಾಗ ವಿಷಯ ತೆಗೆದೆ.

"ಅದು ಒಲೆ ಅಲ್ಲ ಟೀಚ್ರೇ" ಎಂದರು ಅವರು, ಬೇಸರದಲ್ಲೇ. "ಬೆಂಕಿಕಡ್ಡಿ ಗೀರಿ ಹಚ್ಚಿದ್ರೆ ಬೀಡಿ ಆಗ್ತೈತೆ. ಒಲೆ ಆಗಾಕಿಲ್ಲ."

ಊರಿನ ಪದ್ಧತಿ ಅದು. ಮನೆ ಪಾಲಾದಾಗ ಹಳೇ ಮನೆಯ ಒಲೆಯಿಂದ ಕೆಂಡ ತೆಗೆದು ಹೊಸ ಒಲೆಗೆ ಹಾಕಬೇಕು. ಹಳೇ ಮನೆಯ ಯಜಮಾನನೇ ಹಾಕಬೇಕು. ಹಾಕುತ್ತ ಎಲ್ಲರೆದುರು ಒಂದು ಮಾತು ಹೇಳಬೇಕು: ನಿಂದು ನಿಂಗೆ, ನಮ್ದು ನಮ್ಗೆ. ಅಲ್ಲಿಗೆ ಒಲೆ ಎರಡಾಯಿತು, ಊರಿಗೆ ಒಂದು ಗುದ್ದಲಿ ಹೆಚ್ಚಾಯಿತು. ಅಣ್ಣತಮ್ಮಂದಿರು ಜಮೀನಿಗಾಗಿ ತಲೆ ಒಡೆದುಕೊಂಡಾಗಲೂ ಕೆಂಡ ಕೊಡುವುದನ್ನು ಮಾತ್ರ ತಪ್ಪಿಸಿರಲಿಲ್ಲವಂತೆ. ಆದರೆ ಅಣ್ಣ ತಂಗಿಗೆ ಕೆಂಡ ಕೊಟ್ಟದ್ದನ್ನು ಊರು ಕಂಡಿರಲಿಲ್ಲ. ಕೊಡಬಾರದು ಎಂದೇನೂ ಯಾರೂ ಹೇಳಿರಲಿಲ್ಲ. ಕೇಳಿದವಳಿರಲಿಲ್ಲ.

"ಅವ್ನು ಕೊಟ್ರೆ ನಂದೇನೂ ತಕರಾರಿಲ್ಲ" ಎಂದರು ಯಜಮಾನರು. "ಅವ್ನು ಕೊಡ್ಬೇಕಲ್ಲ."

ಅವನು ಕೊಡಲಿಲ್ಲ. ತಂಗಿಯೊಡನೆ ಮಾತೂ ಬಿಟ್ಟ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂವಾಗಿ, ಆ ವಾಸನೆಗೆ ನನ್ನ ಮಕ್ಕಳು ಪಾಠದ ಮಧ್ಯೆ ತೂಕಡಿಸುವ ಕಾಲ ಬಂದರೂ ಆ ಹಿತ್ತಿಲಿನಲ್ಲಿ ಮೌನ ಮುರಿಯಲಿಲ್ಲ. ಮಧ್ಯೆ ಓಡಾಡಿ ಸುಸ್ತಾದವಳು ಅತ್ತಿಗೆ. ಗಂಡ ಕಾಣದಂತೆ ಸೆರಗಿನೊಳಗೆ ಬಟ್ಟಲು ಮುಚ್ಚಿಕೊಂಡು ಕೊಟ್ಟಿಗೆಗೆ ಸಾರು ಒಯ್ಯುವಳು. ಬಟ್ಟಲು ಖಾಲಿ ಕಳಿಸಬಾರದಲ್ಲ, ಅಕ್ಕ ಅದರ ತುಂಬ ತನ್ನ ಪಲ್ಯ ಹಾಕಿ ಕಳಿಸುವಳು. ಆ ಪಲ್ಯವನ್ನು ಅಣ್ಣ ಯಾರು ಮಾಡಿದ್ದೆಂದು ಕೇಳದೆ ಎರಡು ಸಲ ಹಾಕಿಸಿಕೊಂಡು ಉಣ್ಣುವನು. ಇಷ್ಟೆಲ್ಲ ನಾಟಕಕ್ಕಿಂತ ಒಂದು ಸೌಟು ಕೆಂಡ ಕೊಟ್ಟುಬಿಡಬಾರದೇ ಎಂದು ನನಗೆ ರೇಗುತ್ತಿತ್ತು. ಒಂದು ದಿನ ತಡೆಯಲಾರದೆ, ತೋಟದಲ್ಲಿ ಚಿಗುರು ತೆಗೆಯುತ್ತಿದ್ದವನ ಮುಂದೆ ಹೋಗಿ ನಿಂತು, ನಮ್ಮ ಕುಂದೂರಿನ ರೀತಿಯಲ್ಲಿ ನೇರವಾಗಿ ಕೇಳಿದೆ: "ಯಾಕೆ ಕೊಡಲ್ಲ ನೀವು?"

ಅವನು ಕೈಯಲ್ಲಿದ್ದ ಚಿಗುರು ಕೆಳಗೆ ಹಾಕಿದ. ಆಮೇಲೆ ಹೇಳಿದ: "ಕೆಂಡ ಕೊಡೋದು ಏನ್ ದೊಡ್ದು ಟೀಚ್ರೇ? ಆ ಮಾತು ಹೇಳ್ಬೇಕಲ್ಲ. ನಮ್ದು ನಮ್ಗೆ ಅಂತ. ಅವ್ಳನ್ನ ಅಲ್ಲಿಂದ ಕರ್ಕಂಡ್ ಬರೋವಾಗ ಜೀಪಲ್ಲಿ ನಾನೇ ಹೇಳಿದ್ದೆ, ನಮ್ಮನೆ ನಿಂದೇ ಕಣೇ, ಅಳ್ಬೇಡ ಅಂತ. ಈಗ ಊರೆಲ್ಲ ನಿಲ್ಸ್ಕಂಡು ಇದು ನಿಂದಲ್ಲ ಅಂತ ಹೇಳ್ಲಾ? ಬಾಗ್ಲು ಹಾಕ್ದಂಗಾಗ್ತೈತೆ. ನನ್ ಬಾಯಲ್ಲಿ ಬರಾಕಿಲ್ಲ."

ಅವನ ಕಣ್ಣು ತುಂಬಿತ್ತು. ನನ್ನ ರೇಗಾಟ ಎಲ್ಲಿ ಹೋಯಿತೋ. ಬಡಿದಾಡಿಕೊಳ್ಳುವವರನ್ನು ಬಿಡಿಸಬಹುದು, ಒಬ್ಬರನ್ನೊಬ್ಬರು ಇಷ್ಟು ಇಷ್ಟಪಡುವವರ ಮಧ್ಯೆ ಹೋದರೆ ಪೆಟ್ಟು ತಿನ್ನುವುದು ನಾವೇ. ಸುಮ್ಮನೆ ವಾಪಸು ಬಂದೆ.

ಮುಂಗಾರಿಗೆ ಮೊದಲು ಆ ಊರಿನಲ್ಲಿ ಕಾಲುವೆ ಕೆಲಸ. ಗುಡ್ಡದ ಹಳ್ಳದಿಂದ ಗದ್ದೆಗೆ ನೀರು ತರುವ ಕಾಲುವೆಯ ಹೂಳು ತೆಗೆದು, ದಾಟಲು ಹಾಕಿದ ಮರದ ಸಂಕ ಸರಿಮಾಡಬೇಕು. ಒಲೆಗೊಂದು ಗುದ್ದಲಿ. ಬೆಳಿಗ್ಗೆ ಎಲ್ಲರೂ ಹಲಸಿನ ಮರದ ಕೆಳಗೆ ಸೇರುತ್ತಾರೆ, ಯಜಮಾನರು ಒಂದೊಂದೇ ಒಲೆ ಕೂಗುತ್ತಾರೆ, ಕೂಗಿಸಿಕೊಂಡವರು ಗುದ್ದಲಿ ಎತ್ತಿ ತೋರಿಸುತ್ತಾರೆ. ಶಾಲೆಗೆ ಬೇಸಿಗೆ ರಜೆ, ಆದರೂ ನಾನು ಕುಂದೂರಿಗೆ ಹೋಗಿರಲಿಲ್ಲ. ಅಕ್ಕ ಆ ದಿನ ಬರುತ್ತೇನೆಂದು ಮೊದಲೇ ಹೇಳಿದ್ದಳು. ಊರು ಅವಳ ಗುದ್ದಲಿ ಬೇಡವೆಂದರೆ ಇನ್ನೊಂದು ವರ್ಷ ಕೇಳುವಂತಿಲ್ಲ, ಇನ್ನೊಂದು ವರ್ಷಕ್ಕೆ ಕೇಳುವ ಧೈರ್ಯ ಅವಳಿಗೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಬಂದಳು. ಸೀರೆ ಎತ್ತಿ ಕಟ್ಟಿ, ಮೇಲೆ ಗಂಡಸಿನ ತುಂಬುತೋಳಿನ ಅಂಗಿ, ಹೆಗಲ ಮೇಲೆ ಹೊಸ ಕಾವು ಹಾಕಿಸಿದ ಗುದ್ದಲಿ. ಗಂಡಸರ ಸಾಲಿನ ಕೊನೆಯಲ್ಲಿ ನಿಂತಳು. ಯಜಮಾನರು ಕೂಗುತ್ತಾ ಹೋದರು. ಅಣ್ಣನ ಒಲೆ ಕೂಗಿದರು, ಅಣ್ಣ ಗುದ್ದಲಿ ಎತ್ತಿದ. ಕೊನೆಯ ಒಲೆಯೂ ಮುಗಿಯಿತು. ಅವಳ ಗುದ್ದಲಿ ಇಳಿದೇ ಇತ್ತು.

"ದೊಡ್ಡಪ್ಪ, ನಂದು ಕೂಗ್ಲಿಲ್ಲ" ಎಂದಳು ಯಜಮಾನರಿಗೆ.

ಯಜಮಾನರು ಟವೆಲಿನಿಂದ ಕತ್ತು ಒರೆಸಿಕೊಂಡರು. ನಿಜಕ್ಕೂ ಅವರಿಗೆ ಕಷ್ಟವಾಗುತ್ತಿತ್ತು. "ನಿಮ್ಮನೇದು ಆಯ್ತಲ್ಲವ್ವ. ನಿಮ್ಮಣ್ಣ ಬಂದವ್ನೆ. ಒಂದು ಒಲೆಗೆ ಎರಡು ಗುದ್ದಲಿ ಯಾಕೆ? ನೀನು ಮನೆಗೋಗು."

ಯಾರೋ ಕೆಮ್ಮಿದರು. ಅಕ್ಕ ಅಲುಗಲಿಲ್ಲ, ಆದರೆ ಗುದ್ದಲಿಯ ಕಾವಿನ ಮೇಲೆ ಅವಳ ಬೆರಳು ಬಿಳಿಚಿಕೊಂಡದ್ದು ನನಗೆ ಕಾಣಿಸಿತು. ಆಗ ಅಣ್ಣ, ತಲೆ ಎತ್ತದೆ, ನೆಲಕ್ಕೆ ಹೇಳುವಂತೆ ಹೇಳಿದ: "ಅದು ಬೇರೆ ಒಲೆ ಕಣ್ ದೊಡ್ಡಪ್ಪ. ಕೆಂಡ ಕೊಟ್ಟಿವ್ನಿ ನಾನು."

ಅದು ಸುಳ್ಳೆಂದು ಅಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಿತ್ತು. ಯಜಮಾನರ ಮುಖ ಸಡಿಲವಾಯಿತು. ಹೇಳದಿದ್ದದ್ದು ಇಲ್ಲವೆಂದಾದರೆ ಹೇಳಿದ್ದು ಇದೆಯೆಂದೇ ಆಯಿತಲ್ಲ, ಅಲ್ಲಿಗೆ ಮುಗಿಸಿಬಿಡಬಹುದಿತ್ತು. ಅವರು ಕೂಗಲು ಬಾಯಿ ತೆರೆದಿದ್ದರು. ಆದರೆ ಅಕ್ಕ ಬಿಡಬೇಕಲ್ಲ! ಕುಂದೂರಿನಲ್ಲಿ ಬಾಳಿದ ಹೆಂಗಸು.

"ಯಾವಾಗ ಕೊಟ್ಟೆ ನೀನು?" ಎಂದಳು.

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಸಿಕ್ಕಿದ್ದನ್ನು ತೆಗೆದುಕೊಳ್ಳಬಾರದೇ ಎಂದು ಮನಸ್ಸಿನಲ್ಲೇ ಬೈದೆ. ಅಣ್ಣ ಈಗ ತಲೆ ಎತ್ತಿ ಅವಳನ್ನು ನೋಡಿದ. ಎಷ್ಟೋ ವಾರಗಳ ಮೇಲೆ ನೋಡುತ್ತಿದ್ದ.

"ಇರು" ಎಂದ. ಗುದ್ದಲಿ ಅಲ್ಲೇ ಊರಿ, ಮನೆಯ ಕಡೆ ದಡದಡ ನಡೆದುಬಿಟ್ಟ.

ಇಡೀ ಊರು ಕಾಲುವೆ ಬಿಟ್ಟು ಅವನ ಹಿಂದೆ ಹೊರಟಿತು. ನಾವು ಹಿತ್ತಿಲು ಮುಟ್ಟುವಷ್ಟರಲ್ಲಿ ಅವನು ಕಬ್ಬಿಣದ ಸೌಟಿನ ತುಂಬ ಕೆಂಡ ಹಿಡಿದು, ಆರದಂತೆ ಅಂಗೈ ಅಡ್ಡ ಮಾಡಿಕೊಂಡು ಹೊರಗೆ ಬರುತ್ತಿದ್ದ. ಹಿಂದೆ ಹೆಂಡತಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, ಒಣಗಿದ ತೆಂಗಿನ ಸಿಪ್ಪೆ ಹಿಡಿದುಕೊಂಡು. ಕೊಟ್ಟಿಗೆಯ ಬಾಗಿಲು ತಗ್ಗು. ಬಗ್ಗಿ ಒಳಗೆ ಹೋದ. ಅಕ್ಕ ಮೂರು ಕಲ್ಲಿನ ಮುಂದೆ ಕೂತಳು. ಅವನು ಕೆಂಡ ಸುರಿದ, ಅತ್ತಿಗೆ ಸಿಪ್ಪೆ ಇಟ್ಟಳು. ಯಜಮಾನರು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು, ಅವರ ಬೆನ್ನ ಹಿಂದೆ ಗುದ್ದಲಿಗಳ ಸಮೇತ ಊರು ಕಾಯುತ್ತಿತ್ತು.

"ಮಾತು ಹೇಳಪ್ಪ" ಎಂದರು ಯಜಮಾನರು.

"ನಿಂದು ನಿಂಗೆ" ಎಂದ ಅಣ್ಣ. ಖಾಲಿ ಸೌಟನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. "ನಮ್ದೂ ನಿಂಗೆ."

"ಹಂಗಲ್ಲ ಕಣೋ ಅದು ಹೇಳೋದು" ಎಂದರು ಯಜಮಾನರು.

"ನಂಗೆ ಹಿಂಗೇ ಬರಾದು ದೊಡ್ಡಪ್ಪ."

ಯಜಮಾನರು ಹಿಂದೆ ತಿರುಗಿ, ಹಿತ್ತಿಲಿಗೆಲ್ಲ ಕೇಳುವಂತೆ ಅವಳ ಒಲೆ ಕೂಗಿದರು. ಕೂಗಿಸಿಕೊಂಡವಳು ಗುದ್ದಲಿ ಎತ್ತಿ ತೋರಿಸಲಿಲ್ಲ. ಮುಖವನ್ನು ಒಲೆಯ ಕಡೆಗೇ ಇಟ್ಟುಕೊಂಡು ಊದುತ್ತಲೇ ಇದ್ದಳು. ಬೆಂಕಿ ಹತ್ತಿ ಎಷ್ಟೋ ಹೊತ್ತಾಗಿತ್ತು.